ಎಪ್ಪತ್ತಮೂರನೇ ಪುಡಿ

ನಾನು ಇಪ್ಪತ್ತೊಂಬತ್ತು ವರ್ಷ ಕ್ಯಾನ್ಸರ್ ಸಾಕಿ ಸಂಬಳ ತೆಗೆದುಕೊಂಡವಳು. ಹೀಗೆ ಹೇಳಿದರೆ ಜನ ಬೆಚ್ಚಿಬೀಳುತ್ತಾರೆ. ಅದಕ್ಕೇ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದವರು ‘ಎಲ್ಲಿ ಕೆಲಸ?’ ಎಂದು ಕೇಳಿದರೆ ‘ಔಷಧಿ ಕಂಪನೀಲಿ’ ಎಂದಷ್ಟೇ ಹೇಳಿ ಮಾತನ್ನು ಕೋಸಂಬರಿಯ ಕಡೆ ತಿರುಗಿಸುವುದನ್ನು ಬೇಗ ಕಲಿತೆ. ಹೋದ ವರ್ಷ ನಿವೃತ್ತಳಾದೆ. ನಮ್ಮ ಬೀದಿಯಲ್ಲೇ ಇಬ್ಬರು ಹೆಣ್ಣುಮಕ್ಕಳು ಬಯೋಟೆಕ್ ಓದಿ ಇಂಥದೇ ಲ್ಯಾಬುಗಳಿಗೆ ಸೇರಿದ್ದಾರೆ. ‘ಆಂಟಿ, ಅಲ್ಲಿ ನಿಜವಾಗ್ಲೂ ಏನ್ ಮಾಡ್ಬೇಕಾಗತ್ತೆ?’ ಎಂದು ಆಗಾಗ ಬಂದು ಕೇಳುತ್ತಾರೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ ಅನ್ನಿಸಿ ಬರೆಯಲು ಕೂತಿದ್ದೇನೆ. ಯಾವಾಗ ಬಡ್ತಿ ಬಂತು, ಯಾವ ಪ್ರಶಸ್ತಿ ಫಲಕ ಕೊಟ್ಟರು ಅನ್ನುವುದೆಲ್ಲ ಇಲ್ಲಿ ಬೇಡ. ಫಲಕ ಶೋಕೇಸಿನಲ್ಲಿದೆ, ಬಂದವರು ನೋಡಬಹುದು.

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ರಾಜಗೋಪಾಲನಗರದಲ್ಲಿ. ಅಪ್ಪ ಪೀಣ್ಯದಲ್ಲಿ ಲೇತ್ ಆಪರೇಟರು. ಬಿ.ಎಸ್ಸಿ. ಮುಗಿಸಿ ಆರೇಳು ವರ್ಷ ಮನೆಯಲ್ಲೇ ಇದ್ದ ಮೇಲೆ, ಅಪ್ಪನ ಕಾರ್ಖಾನೆಯ ಹಿಂದಿನ ರಸ್ತೆಯಲ್ಲಿ ಒಂದು ಔಷಧಿ ಸಂಶೋಧನೆಯ ಲ್ಯಾಬ್ ಶುರುವಾಯಿತು. ಎರಡು ಮಹಡಿಯ ಕಟ್ಟಡ. ಮೇಲೆ ಕೆಮಿಸ್ಟ್ರಿ, ಕೆಳಗೆ ಬಯಾಲಜಿ. ಕೆಳಗಿನ ಮಹಡಿಗೆ ಡಾಕ್ಟರ್ ಶ್ರೀಕಂಠಯ್ಯ ಮುಖ್ಯಸ್ಥರು. ದಪ್ಪ ಗಾಜಿನ ಕನ್ನಡಕ, ಮಡಿಸಿದ ಅರ್ಧ ತೋಳಿನ ಶರ್ಟು, ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ಸಂದರ್ಶನದಲ್ಲಿ ನನ್ನ ಅಂಕಪಟ್ಟಿ ನೋಡಿ ಪಕ್ಕಕ್ಕಿಟ್ಟರು.

‘ಮನೇಲಿ ಉಪ್ಪಿನಕಾಯಿ ಹಾಕಿದ್ದೀಯಾ?’

ನಾನು ತಬ್ಬಿಬ್ಬಾದೆ. ‘ಹಾಕಿದ್ದೀನಿ ಸಾರ್.’

‘ಬೂಷ್ಟು ಬರದ ಹಾಗೆ ಹೇಗೆ ನೋಡ್ಕೋತೀಯ?’

‘ಒದ್ದೆ ಕೈ ಹಾಕ್ಬಾರ್ದು, ಒದ್ದೆ ಸೌಟು ಹಾಕ್ಬಾರ್ದು ಸಾರ್. ಮುಚ್ಚಳ ತೆಗೆದಿಟ್ಕೊಂಡು ಮಾತಾಡ್ತಾ ಕೂರಬಾರ್ದು.’

‘ಸೋಮವಾರದಿಂದ ಬಾ’ ಎಂದರು.

ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು, ಅವರು ಹುಡುಗಾಟಕ್ಕೆ ಕೇಳಿದ್ದಲ್ಲ. ನಮ್ಮ ಕೆಲಸದ ಮುಕ್ಕಾಲು ಪಾಲು ಬೂಷ್ಟು ಬರದಂತೆ ನೋಡಿಕೊಳ್ಳುವುದೇ. ಚಪ್ಪಟೆ ಬಾಟಲಿಗಳಲ್ಲಿ, ಅವಕ್ಕೆ ಫ್ಲಾಸ್ಕ್ ಅನ್ನುತ್ತೇವೆ, ಸ್ತನ ಕ್ಯಾನ್ಸರಿನ ಜೀವಕೋಶಗಳನ್ನು ಬೆಳೆಸುತ್ತಿದ್ದೆವು. ಒಂದು ದಿನ ಬಿಟ್ಟು ಒಂದು ದಿನ ಹಳೆಯ ಪೋಷಕ ದ್ರವ ತೆಗೆದು ಹೊಸದು ಹಾಕಬೇಕು. ಅವಕ್ಕೆ ಭಾನುವಾರ ಗೊತ್ತಿಲ್ಲ, ಯುಗಾದಿ ಗೊತ್ತಿಲ್ಲ. ಎಷ್ಟೋ ಯುಗಾದಿಯಲ್ಲಿ ಒಬ್ಬಟ್ಟಿನ ಹೂರಣ ರುಬ್ಬಿಟ್ಟು, ಹಬ್ಬದ ಸೀರೆಯಲ್ಲೇ ಬಂದು ಮೇಲೊಂದು ಬಿಳಿ ಕೋಟು ತೊಟ್ಟು, ಕೋಶಗಳಿಗೆ ಊಟ ಹಾಕಿ ಮನೆಗೆ ಓಡಿದ್ದೇನೆ. ಪಕ್ಕದ ಶೆಡ್ಡಿನಲ್ಲಿ ಪ್ರೆಸ್ ಮೆಷಿನ್ ಧಡ್ ಧಡ್ ಎಂದು ತಗಡು ಒತ್ತುತ್ತಿತ್ತು. ಒಂದೊಂದು ಏಟಿಗೂ ಮೈಕ್ರೋಸ್ಕೋಪಿನಲ್ಲಿ ಕೋಶಗಳೆಲ್ಲ ಕುಣಿಯುತ್ತಿದ್ದವು. ಹಾಗಾಗಿ ನಾವು ಎಣಿಕೆ ಮಾಡುತ್ತಿದ್ದದ್ದು ಆ ಶೆಡ್ಡಿನವರು ಊಟಕ್ಕೆ ಹೋದ ಅರ್ಧ ಗಂಟೆಯಲ್ಲಿ. ಅವರ ಊಟದ ಸೈರನ್ ನಮಗೆ ಕೆಲಸದ ಸೈರನ್.

ಇಷ್ಟೆಲ್ಲ ಯಾಕೆ ಅಂದರೆ, ಕೆಲವು ಬಗೆಯ ಸ್ತನ ಕ್ಯಾನ್ಸರಿಗೆ ಹೆಣ್ಣಿನ ಮೈಯಲ್ಲೇ ಇರುವ ಹಾರ್ಮೋನು ಮೇವಿನ ಹಾಗೆ. ಕೋಶದೊಳಗೆ ಅದಕ್ಕೊಂದು ಬೀಗ ಇರುತ್ತದೆ. ಹಾರ್ಮೋನು ಬಂದು ಬೀಗ ತಿರುಗಿಸಿದರೆ ಕೋಶ ಬೆಳೆಯುತ್ತದೆ. ಮೇಲಿನ ಮಹಡಿಯ ಕೆಮಿಸ್ಟರು ಅದೇ ಹಾರ್ಮೋನನ್ನು ತೆಗೆದುಕೊಂಡು, ಇಲ್ಲೊಂದು ತುಂಡು ಕತ್ತರಿಸಿ ಅಲ್ಲೊಂದು ತುಂಡು ಅಂಟಿಸಿ, ಬೀಗದೊಳಗೆ ಹೋಗುವ ಆದರೆ ತಿರುಗದ ಕೀಲಿ ಮಾಡಲು ನೋಡುತ್ತಿದ್ದರು. ಹೊಸ ಪುಡಿ ತಯಾರಾದರೆ ಬೆರಳುದ್ದದ ಶೀಶೆಯಲ್ಲಿ ಹಾಕಿ, ಒಂದು ನಂಬರು ಅಂಟಿಸಿ ನಮಗೆ ಕಳಿಸುತ್ತಿದ್ದರು. ಅದು ಕೋಶಗಳನ್ನು ಕೊಲ್ಲುತ್ತದೋ ಇಲ್ಲವೋ ನೋಡಿ ಹೇಳುವುದು ನನ್ನ ಕೆಲಸ.

ಪಡ್ಡು ಹುಯ್ಯುವ ಹೆಂಚು ನೋಡಿದ್ದೀರಲ್ಲ, ಅದನ್ನು ಅಂಗೈಯಗಲಕ್ಕೆ ಇಳಿಸಿ ತೊಂಬತ್ತಾರು ಕುಳಿ ಮಾಡಿದರೆ ನಮ್ಮ ಪ್ಲೇಟು. ಪ್ರತಿ ಕುಳಿಯಲ್ಲೂ ಕೋಶ ಬಿತ್ತಿ, ಪುಡಿಯನ್ನು ಕರಗಿಸಿ ಬೇರೆ ಬೇರೆ ಅಳತೆಯಲ್ಲಿ ಹಾಕಿ, ಮೂರನೇ ದಿನ ಒಂದು ಹಳದಿ ಬಣ್ಣ ಬೆರೆಸುತ್ತೇವೆ. ಬದುಕಿರುವ ಕೋಶ ಆ ಹಳದಿಯನ್ನು ನೇರಳೆ ಮಾಡುತ್ತದೆ. ಸತ್ತಿದ್ದರೆ ಹಳದಿ ಹಳದಿಯಾಗೇ ಉಳಿಯುತ್ತದೆ. ನೇರಳೆ ಕಂಡರೆ ಕ್ಯಾನ್ಸರ್ ಗೆದ್ದಿತು, ಹಳದಿ ಕಂಡರೆ ನಾವು.

ಸೇರಿ ಐದು ತಿಂಗಳಾಗಿತ್ತು. ಮೊದಲ ಸಲ ನನ್ನೊಬ್ಬಳ ಕೈಗೆ ಹನ್ನೆರಡು ಪುಡಿ ಕೊಟ್ಟರು. ಮೂರನೇ ದಿನ ನೋಡಿದರೆ ಪ್ಲೇಟಿಗೆ ಪ್ಲೇಟೇ ಹಳದಿ. ಹನ್ನೆರಡಕ್ಕೆ ಹನ್ನೆರಡೂ! ನಾನು ಪ್ಲೇಟು ಹಿಡಿದುಕೊಂಡು ಶ್ರೀಕಂಠಯ್ಯನವರ ಕೋಣೆಗೆ ಓಡಿದೆ. ಬಾಗಿಲು ತಟ್ಟುವುದೂ ಮರೆತುಹೋಯಿತು.

‘ಸಾರ್, ಎಲ್ಲಾ ಕೆಲಸ ಮಾಡ್ತಿವೆ!’

ಅವರು ಕನ್ನಡಕ ಹಣೆಗೇರಿಸಿ ಪ್ಲೇಟನ್ನು ಬೆಳಕಿಗೆ ಹಿಡಿದರು. ‘ಪುಡಿ ಕರಗಿಸೋ ದ್ರಾವಕ ಇದೆಯಲ್ಲ, ಬರೀ ಅದನ್ನೇ ಹಾಕಿದ ಸಾಲು ಯಾವುದು?’

ಅಂಥ ಸಾಲನ್ನೇ ನಾನು ಇಟ್ಟಿರಲಿಲ್ಲ. ಆ ಪುಡಿಗಳು ನೀರಿನಲ್ಲಿ ಕರಗುವುದಿಲ್ಲ. ಒಂದು ದ್ರಾವಕದಲ್ಲಿ ಕರಗಿಸಿ, ಅದನ್ನು ಸೂಜಿಮೊನೆಯಷ್ಟು ಹಾಕಬೇಕು. ನಾನು ಲೆಕ್ಕದಲ್ಲಿ ಒಂದು ಸೊನ್ನೆ ತಪ್ಪಿ ಹತ್ತು ಪಟ್ಟು ಹಾಕಿದ್ದೆ. ಕೋಶಗಳು ಸತ್ತದ್ದು ದ್ರಾವಕಕ್ಕೆ.

ಅವರು ರೇಗಲಿಲ್ಲ. ‘ನಾಗರತ್ನ, ಬ್ಲೀಚಿಂಗ್ ಪುಡಿ ಹಾಕಿದ್ರೂ ಇವು ಸಾಯ್ತವೆ. ಹೊರಗಡೆ ಮೋರಿ ನೀರು ತಂದು ಹಾಕು, ಇನ್ನೂ ಬೇಗ ಸಾಯ್ತವೆ. ಕೊಲ್ಲೋದೇನು ದೊಡ್ಡ ವಿದ್ಯೆ ಅಲ್ಲಮ್ಮ. ಯಾವುದನ್ನ ಕೊಲ್ಲದೆ ಬಿಟ್ಟೆ ಅನ್ನೋದನ್ನ ತೋರಿಸು’ ಎಂದರು. ಆ ಪ್ಲೇಟನ್ನು ಎಸೆಯಲು ಬಿಡದೆ ನನ್ನ ಮೇಜಿನ ಮೇಲೇ ಒಂದು ತಿಂಗಳು ಇರಿಸಿದರು. ಹೋಗುವವರು ಬರುವವರೆಲ್ಲ ‘ಇದೇನಿದು?’ ಎನ್ನುತ್ತಿದ್ದರು. ಪ್ರತಿಯೊಬ್ಬರಿಗೂ ನನ್ನ ತಪ್ಪನ್ನು ನಾನೇ ವಿವರಿಸಬೇಕಿತ್ತು. ಆಮೇಲೆ ಆ ತಪ್ಪು ಮತ್ತೆ ಮಾಡಲಿಲ್ಲ. ಬೇರೆ ತಪ್ಪು ಮಾಡಿದೆ, ಅದು ಬೇರೆ ಮಾತು.

ಅವರು ಮಾಡಿದ ತಪ್ಪೂ ಒಂದಿದೆ. ನಾವು ಕೋಶಗಳಿಗೆ ಹಾಕುತ್ತಿದ್ದ ಪೋಷಕ ದ್ರವ ಚೆಂದದ ಗುಲಾಬಿ ಬಣ್ಣದ್ದು. ದ್ರವ ಹಳತಾಯಿತು ಎಂದು ಕಣ್ಣಿಗೆ ಗೊತ್ತಾಗಲಿ ಅಂತ ತಯಾರಕರೇ ಅದಕ್ಕೊಂದು ಬಣ್ಣ ಸೇರಿಸಿರುತ್ತಾರೆ. ಎರಡನೇ ವರ್ಷ ನಮಗೊಂದು ತಲೆನೋವು ಬಂತು. ಹಾರ್ಮೋನು ಹಾಕದ ಕುಳಿಗಳಲ್ಲಿ ಕೋಶ ಮಂಕಾಗಿರಬೇಕು, ಮೇವಿಲ್ಲದ ದನದ ಹಾಗೆ. ನಮ್ಮಲ್ಲಿ ಅವು ಹಾರ್ಮೋನಿಲ್ಲದೆಯೂ ಸೊಂಪಾಗಿ ಬೆಳೆಯುತ್ತಿದ್ದವು. ಹಾಗಿದ್ದ ಮೇಲೆ ನಮ್ಮ ಪುಡಿ ಹಾರ್ಮೋನನ್ನು ತಡೆಯುತ್ತಿದೆಯೋ ಇಲ್ಲವೋ ಹೇಳುವುದು ಹೇಗೆ?

‘ನಿನ್ನ ಕೈಯಲ್ಲೇ ಏನೋ ಆಗ್ತಿದೆ. ಹಳೇ ದ್ರವ ಹೋಗೋ ಹಾಗೆ ಕೋಶಗಳನ್ನ ಸರಿಯಾಗಿ ತೊಳೀತಿಲ್ಲ ನೀನು’ ಎಂದು ಶ್ರೀಕಂಠಯ್ಯನವರು ನನ್ನ ಮೇಲೆ ಹಾಕಿದರು. ಒಂದು ಸಲ ತೊಳೆಯುವ ಕಡೆ ಮೂರು ಸಲ ತೊಳೆದೆ. ನೀರು ಬದಲಾಯಿಸಿದೆವು, ಹೆಬ್ಬೆರಳಲ್ಲಿ ಒತ್ತಿ ಹನಿ ಬಿಡುವ ಪಿಪೆಟ್ ಬದಲಾಯಿಸಿದೆವು. ಮೂರು ತಿಂಗಳು ಹೀಗೇ ಹೋಯಿತು. ಮನೆಯಲ್ಲಿ ಅಮ್ಮ ‘ಯಾಕೆ ಮುಖ ಹಿಂಗೆ ಬಾಡಿದೆ?’ ಎಂದರೆ ಏನು ಹೇಳಲಿ? ಕ್ಯಾನ್ಸರ್ ಚೆನ್ನಾಗಿ ಬೆಳೀತಿದೆಯಮ್ಮ ಅನ್ನಲೇ?

ಒಂದು ಮಧ್ಯಾಹ್ನ ಅವರು ಊರೊಳಗಿನ ಒಂದು ಗ್ರಂಥಾಲಯಕ್ಕೆ ಹೋಗಿದ್ದವರು ಆಟೋದಲ್ಲಿ ವಾಪಸು ಬಂದರು. ಕೈಯಲ್ಲೊಂದು ಜೆರಾಕ್ಸ್ ಪ್ರತಿ. ಬಾಗಿಲಲ್ಲೇ ನಿಂತು ‘ನಾಗರತ್ನ, ಬಣ್ಣ ಕಣಮ್ಮ, ಬಣ್ಣ!’ ಎಂದು ಕೂಗಿದರು. ಆ ಗುಲಾಬಿ ಬಣ್ಣವೇ ಕೋಶಗಳಿಗೆ ಹಾರ್ಮೋನಿನಂತೆ ಸೋಗು ಹಾಕುತ್ತಿತ್ತು. ಬಹಳ ಹಿಂದೆಯೇ ಯಾರೋ ಅದನ್ನು ಕಂಡು ಬರೆದಿದ್ದರು, ನಾವು ಓದಿರಲಿಲ್ಲ ಅಷ್ಟೆ. ಬಣ್ಣವಿಲ್ಲದ ದ್ರವ ತರಿಸಿದ ವಾರದಲ್ಲೇ ಎಲ್ಲ ಸರಿಹೋಯಿತು.

ಮುಂದಿನ ಸೋಮವಾರದ ಮೀಟಿಂಗಿನಲ್ಲಿ ಮೇಲಿನ ಮಹಡಿಯವರೂ ಇದ್ದರು. ಶ್ರೀಕಂಠಯ್ಯನವರು ಎದ್ದು ನಿಂತು ಹೇಳಿದರು: ‘ಮೂರು ತಿಂಗಳು ಈ ಹುಡುಗಿ ಕೈ ಸರಿಯಿಲ್ಲ ಅಂದೆ. ಕೈ ಸರಿ ಇತ್ತು. ನನ್ನ ಓದು ಸರಿ ಇರ್ಲಿಲ್ಲ.’ ಕೂತುಕೊಂಡರು. ನನಗೆ ಕಣ್ಣು ತುಂಬಿ ಬಂತು. ಆಮೇಲೆ ಬೇರೆ ಮೇಲಧಿಕಾರಿಗಳನ್ನೂ ಕಂಡೆ, ಬುದ್ಧಿವಂತರು, ಇಂಗ್ಲಿಷಿನಲ್ಲಿ ಅರಳು ಹುರಿದಂತೆ ಮಾತಾಡುವವರು. ಆದರೆ ನಾಲ್ಕು ಜನರೆದುರು ತಪ್ಪು ತನ್ನದು ಎಂದು ಎದ್ದು ನಿಂತವರು ಕಡಿಮೆ.

ಕೆಲವು ವರ್ಷದ ಮೇಲೆ ಲ್ಯಾಬು ಎಲೆಕ್ಟ್ರಾನಿಕ್ ಸಿಟಿಯ ಕಡೆ ಹೊಸ ಕಟ್ಟಡಕ್ಕೆ ಹೋಯಿತು. ಪ್ರೆಸ್ ಮೆಷಿನ್ನಿನ ಸದ್ದು ಹೋಗಿ ಕಂಪನಿ ಬಸ್ಸಿನ ಎರಡು ಗಂಟೆಯ ಪ್ರಯಾಣ ಬಂತು. ನಮ್ಮ ಬಸ್ಸು ಹತ್ತುತ್ತಿದ್ದವರಲ್ಲಿ ಶರಣಪ್ಪ ಒಬ್ಬರು. ರಾಯಚೂರು ಜಿಲ್ಲೆಯವರು, ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ಬಂದು, ಆಮೇಲೆ ನಮ್ಮಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದ್ದರು. ಲಗ್ಗೆರೆಯಲ್ಲಿ ಬಾಡಿಗೆಗಿದ್ದರು. ಬಾಟಲಿಯಲ್ಲಿ ಒಂದು ಹನಿ ಸೋಪು ಉಳಿದರೂ ನಮ್ಮ ಕೋಶಗಳು ಸಾಯುತ್ತವೆ. ಶರಣಪ್ಪ ತೊಳೆದ ಬಾಟಲಿಯಿಂದ ಒಂದೇ ಒಂದು ಸಲವೂ ನನ್ನ ಪ್ಲೇಟು ಕೆಟ್ಟಿದ್ದಿಲ್ಲ. ಇದನ್ನು ಯಾವ ವರದಿಯಲ್ಲೂ ಯಾರೂ ಬರೆಯುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ನಿವೃತ್ತಿಗೆ ಏಳು ವರ್ಷ ಇರುವಾಗ, ಕೆಮಿಸ್ಟರು ಆಗ ಮಾಡುತ್ತಿದ್ದ ಒಂದು ಹೊಸ ಸರಣಿಯ ಎಪ್ಪತ್ತಮೂರನೇ ಪುಡಿ ಬಂತು. ನೋಡಲು ಉಳಿದವುಗಳ ಹಾಗೇ, ಗೋದಿಹಿಟ್ಟಿನ ಬಣ್ಣ. ಪ್ಲೇಟಿನಲ್ಲಿ ಹಾಕಿದರೆ ಕ್ಯಾನ್ಸರ್ ಕೋಶಗಳು ಬಹಳ ಸಣ್ಣ ಅಳತೆಗೇ ಸತ್ತುಹೋದವು. ಪಕ್ಕದ ಪ್ಲೇಟಿನಲ್ಲಿದ್ದ ಆರೋಗ್ಯವಂತ ಕೋಶಗಳು ಏನೂ ಆಗಿಲ್ಲವೆಂಬಂತೆ ನೇರಳೆಯಾದವು. ನಂಬಿಕೆ ಬಾರದೆ ಐದು ಸಲ ಮಾಡಿದೆ. ಐದು ಸಲವೂ ಅದೇ. ನಮ್ಮ ಪ್ರತಿ ಪ್ಲೇಟಿನಲ್ಲೂ ಹೋಲಿಸಿ ನೋಡಲೆಂದು ಒಂದು ಸಾಲಿಗೆ ಹಳೆಯ ಔಷಧಿ ಹಾಕುತ್ತಿದ್ದೆವು. ಟ್ಯಾಮಾಕ್ಸಿಫೆನ್ ಅಂತ, ಎಷ್ಟೋ ವರ್ಷದಿಂದ ಆಸ್ಪತ್ರೆಗಳಲ್ಲಿ ಕೊಡುತ್ತಿರುವ ಮಾತ್ರೆ. ಎಪ್ಪತ್ತಮೂರರ ಪಕ್ಕದಲ್ಲಿ ಆ ಸಾಲು ಪೇಲವವಾಗಿ ಕಂಡಿತು. ಅದನ್ನು ಬರೆದುಕೊಳ್ಳುವಾಗ ನನಗೆ ಆಕಳಿಕೆ ಬರುತ್ತಿತ್ತು.

ಆ ವಾರ ಮೈಸೂರು ಪಾಕ್ ತಂದು ಎಲ್ಲರಿಗೂ ಹಂಚಿದೆ. ತೊಳೆಯುವ ಕೋಣೆಗೂ ಡಬ್ಬಿ ತೆಗೆದುಕೊಂಡು ಹೋದೆ.

‘ಏನ್ರಿ ಮೇಡಂ, ಸಿಹಿ?’ ಎಂದರು ಶರಣಪ್ಪ.

‘ಎಪ್ಪತ್ತಮೂರು ಅಂತ ಒಂದು ಬಂದಿದೆ ಶರಣಪ್ಪನವ್ರೇ. ಕ್ಯಾನ್ಸರ್ ಕೊಂದುಬಿಡತ್ತೆ, ಒಳ್ಳೆ ಕೋಶ ಮುಟ್ಟೋದೇ ಇಲ್ಲ!’

ಅವರು ಸಿಹಿಯನ್ನು ಬಾಯಿಗಿಡದೆ ಕೈಯಲ್ಲೇ ಹಿಡಿದುಕೊಂಡರು. ‘ಅಂದ್ರ ಔಷಧ ಸಿಕ್ತೇನ್ರಿ?’

‘ಸಿಕ್ಕ ಹಾಗೇ’ ಎಂದೆ ನಾನು.

ಕೆಲಸದ ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಪ್ಲೇಟಿನ ಮೇಲೆ ಆಗಿದ್ದಲ್ಲ. ಆ ಎರಡು ಪದದಲ್ಲಿ ಆಗಿದ್ದು. ಅದು ನನಗೆ ಗೊತ್ತಾದದ್ದು ಮೂರು ತಿಂಗಳ ಮೇಲೆ.

ಒಂದು ಬೆಳಿಗ್ಗೆ ಬಸ್ಸಿನಲ್ಲಿ ಶರಣಪ್ಪ ನನ್ನ ಪಕ್ಕದ ಸಾಲಿಗೆ ಬಂದು ಕೂತರು. ಕಿಟಕಿಯ ಕಡೆ ನೋಡುತ್ತಲೇ ಕೇಳಿದರು. ‘ಮೇಡಂ, ಆ ಎಪ್ಪತ್ತಮೂರು ಯಾವಾಗ ಹೊರಗ ಬರತೈತ್ರಿ?’

‘ಯಾಕೆ?’

‘ನಮ್ಮ ಮನ್ಯಾಗಿನಾಕಿಗೆ ಎದಿಯಾಗ ಗಂಟು ಐತ್ರಿ.’

ನಾನು ಪೂರ್ತಿ ಅವರ ಕಡೆ ತಿರುಗಿದೆ. ‘ಎಷ್ಟು ದಿನದಿಂದ?’

‘ದಸರಾ ಮುಂದ ಕಂಡಿತ್ರಿ. ಲಗ್ಗೆರಿಯಾಗ ಡಾಕ್ಟರಮ್ಮಗ ತೋರಿಸಿದ್ವಿ. ದೊಡ್ಡ ದವಾಖಾನಿಗೆ ಹೋಗ್ರಿ, ಆಪರೇಶನ್ ಆಗಬೇಕು ಅಂದ್ರು. ಈಕಿ ಒಲ್ಲೆ ಅಂತಾಳ್ರಿ, ಕತ್ತರಿ ಹಚ್ಚಿದ್ರ ಮೈಯೆಲ್ಲ ಹಬ್ಬತೈತಿ ಅಂತ ಯಾರೋ ಹೇಳ್ಯಾರ. ಹೆಂಗೂ ನೀವು ಅವತ್ತ ಹೇಳಿದ್ರಲ್ರಿ. ನಾನೂ ಅಂದೆ, ತಡಿ, ನಮ್ಮ ಮೇಡಂ ಔಷಧ ಹುಡುಕ್ಯಾರ, ಅದ ಬರಲಿ ಅಂತ. ಒಂದೀಟ ಕೊಡ್ರಿ ಮೇಡಂ. ಯಾರಿಗೂ ಹೇಳೂದಿಲ್ರಿ.’

ನನ್ನ ಮಾತು ನಂಬಿ ಆಕೆ ಮೂರು ತಿಂಗಳು ಗಂಟನ್ನು ಇಟ್ಟುಕೊಂಡು ಕೂತಿದ್ದರು.

ಅವತ್ತು ಲ್ಯಾಬಿಗೆ ಹೋಗಿ ಫ್ರೀಜರ್ ತೆರೆದೆ. ಎಪ್ಪತ್ತಮೂರರ ಶೀಶೆ ಎದುರಿಗೇ ಇತ್ತು. ಬೀಗದ ಕೈ ನನ್ನದೇ. ತೂಕದ ಪುಸ್ತಕ ಬರೆಯುವವಳೂ ನಾನೇ. ಸುಳ್ಳು ಹೇಳುವುದಿಲ್ಲ, ಒಂದು ಕ್ಷಣ ಕೈ ಮುಂದೆ ಹೋಯಿತು. ಐದು ಸಲ ಕಣ್ಣಾರೆ ಕಂಡಿದ್ದೆನಲ್ಲ. ಆಮೇಲೆ ಫ್ರೀಜರ್ ಮುಚ್ಚಿ ಶ್ರೀಕಂಠಯ್ಯನವರ ಕೋಣೆಗೆ ಹೋದೆ. ಅವರ ಕೂದಲು ಅಷ್ಟರಲ್ಲಿ ಪೂರ್ತಿ ಬೆಳ್ಳಗಾಗಿತ್ತು. ನಡೆದದ್ದನ್ನೆಲ್ಲ ಹೇಳಿದೆ, ಕೈ ಮುಂದೆ ಹೋದದ್ದನ್ನೂ ಸೇರಿಸಿ.

ಅವರು ಕೈಯಲ್ಲಿದ್ದ ಪೆನ್ನು ಮುಚ್ಚಿ ಜೇಬಿಗಿಟ್ಟರು. ‘ನಿನ್ನ ಪ್ಲೇಟಲ್ಲಿ ಹೊಟ್ಟೆ ಇದೆಯಾ? ರಕ್ತ ಇದೆಯಾ? ಲಿವರ್ ಇದೆಯಾ?’ ಎಂದು ಕೇಳಿದರು.

‘ಇಲ್ಲ ಸಾರ್.’

‘ಈಗ ಕೊಟ್ರೆ ಆಕೆ ನಿನ್ನ ತೊಂಬತ್ತೇಳನೇ ಕುಳಿ ಆಗ್ತಾರೆ. ಭಾನುವಾರ ಅವರ ಮನೆಗೆ ಹೋಗು. ಸಿಹಿ ಕೊಟ್ಟು ಹೇಳಿದ್ದನ್ನ ಬರಿಗೈಲಿ ಹೋಗಿ ವಾಪಸು ತಗೋ. ಅದೂ ನಿನ್ನ ಕೆಲಸವೇ.’

ಭಾನುವಾರ ಲಗ್ಗೆರೆಗೆ ಹೋದೆ. ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಶರಣಪ್ಪನವರ ಹೆಂಡತಿ ಮಹಾದೇವಿ ನಲವತ್ತು ದಾಟಿದ ಗಟ್ಟಿ ಹೆಂಗಸು. ನಾನು ಕೂರುವ ಮೊದಲೇ ಚಾ ತಂದಿಟ್ಟರು. ‘ಔಷಧ ತಂದ್ರೇನ್ರಿ?’ ಎಂದು ನಗುತ್ತ ಕೇಳಿದರು. ಆ ನಗು ನನಗೆ ತಡೆಯಲಾಗಲಿಲ್ಲ.

‘ಇಲ್ಲ ಮಹಾದೇವಿಯವ್ರೇ. ಅದು ಔಷಧಿ ಅಲ್ಲ, ಇನ್ನೂ ಬರೀ ಪುಡಿ. ಪ್ಲಾಸ್ಟಿಕ್ ತಟ್ಟೇಲಿ ಕೆಲಸ ಮಾಡಿದೆ, ಮನುಷ್ಯರ ಮೈಯಲ್ಲಿ ಏನು ಮಾಡತ್ತೆ ಅಂತ ನನಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ನಾನು ಹೇಳಿದ್ದು ತಪ್ಪು. ನಾಳೇನೇ ಆಸ್ಪತ್ರೆಗೆ ಹೋಗೋಣ, ನಾನೂ ಬರ್ತೀನಿ.’

ನಗು ಹೋಯಿತು. ಸೆರಗು ಎಳೆದು ಹೊದ್ದುಕೊಂಡು ಗೋಡೆಯ ಕಡೆ ತಿರುಗಿದರು. ‘ಕೊಯ್ತಾರಲ್ರಿ’ ಎಂದರು, ಸಣ್ಣ ದನಿಯಲ್ಲಿ.

‘ಕೊಯ್ತಾರೆ’ ಎಂದೆ. ‘ಕೊಯ್ದರೆ ಹರಡಲ್ಲ. ಬಿಟ್ಟರೆ ಹರಡತ್ತೆ. ಅದು ಹೇಗೆ ಬೆಳೆಯತ್ತೆ ಅನ್ನೋದನ್ನ ನಾನು ದಿನಾ ನೋಡ್ತೀನಿ. ಇದೊಂದು ಮಾತು ಮಾತ್ರ ನನಗೆ ಗೊತ್ತಿದ್ದು ಹೇಳ್ತಿದ್ದೀನಿ.’

ಅವರು ಎದ್ದು ಚಾ ಲೋಟ ಒಳಗೆ ಒಯ್ದರು. ಮಾರನೇ ದಿನ ಬೆಳಿಗ್ಗೆ ನಾನು ಹೋದಾಗ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಆಸ್ಪತ್ರೆಯ ಸರದಿ, ಪರೀಕ್ಷೆಗಳು, ಅದೆಲ್ಲ ಕಂಡವರಿಗೆ ಗೊತ್ತು. ಸರ್ಜನ್ ಮೇಡಂ ‘ಇಷ್ಟು ದಿನ ಯಾಕೆ ಬಿಟ್ರಿ?’ ಎಂದು ಗದರಿದರು. ಮಹಾದೇವಿ ನನ್ನ ಮುಖ ನೋಡಿದರು. ‘ಅಂಜಿಕಿ ಬಂದಿತ್ರಿ’ ಎಂದಷ್ಟೇ ಹೇಳಿದರು, ನನ್ನ ಹೆಸರು ಎತ್ತಲಿಲ್ಲ. ಆಪರೇಶನ್ ಆಯಿತು. ಕಂಕುಳಿನ ಒಂದು ಗ್ರಂಥಿಗೆ ಹಬ್ಬಿತ್ತು, ಅದನ್ನೂ ತೆಗೆದರು. ಆಮೇಲೆ ಕೆಲವು ತಿಂಗಳು ಇಂಜೆಕ್ಷನ್ನು, ಕೂದಲು ಉದುರಿತು. ಗಂಟಿನ ವರದಿ ಬಂದಾಗ ಸರ್ಜನ್ ಮೇಡಂ ಹೇಳಿದರು, ‘ಇದು ಹಾರ್ಮೋನಿಗೆ ಬೆಳೆಯೋ ಜಾತಿ. ಒಂದು ರೀತೀಲಿ ಒಳ್ಳೇದೇ. ಐದು ವರ್ಷ ದಿನಕ್ಕೊಂದು ಮಾತ್ರೆ ನುಂಗಬೇಕು.’ ಚೀಟಿ ನನ್ನ ಕೈಗೆ ಕೊಟ್ಟರು. ಟ್ಯಾಮಾಕ್ಸಿಫೆನ್ ಎಂದಿತ್ತು. ನಾನು ಆಕಳಿಸುತ್ತ ಬರೆದುಕೊಳ್ಳುತ್ತಿದ್ದ ಸಾಲು.

ಆ ಇಂಜೆಕ್ಷನ್ನುಗಳು ಮುಗಿಯುವ ಹೊತ್ತಿಗೆ ಎಪ್ಪತ್ತಮೂರನ್ನು ಇಲಿಗಳಿಗೆ ಕೊಟ್ಟ ಪರೀಕ್ಷೆಯ ವರದಿ ಬಂತು. ಮೂರೇ ವಾರಕ್ಕೆ ಇಲಿಗಳ ಲಿವರ್ ಊದಿಕೊಂಡು ಬಣ್ಣಗೆಟ್ಟಿತ್ತು. ಪುಡಿಗೆ ಅಲ್ಲಿಗೆ ಮಂಗಳ ಹಾಡಿದರು. ಅದನ್ನು ತಯಾರಿಸಿದ ಕೆಮಿಸ್ಟರೊಬ್ಬರು ಮೇಜಿನ ಮೇಲೆ ತಲೆಯಿಟ್ಟು ಕೂತುಬಿಟ್ಟರು, ನಾಲ್ಕು ವರ್ಷದ ದುಡಿಮೆ. ನನಗೂ ದುಃಖವಾಯಿತು. ಆದರೆ ಆ ದುಃಖದ ಕೆಳಗೆ ಇನ್ನೊಂದು ನಿಟ್ಟುಸಿರು ಇತ್ತು. ಅವತ್ತು ಫ್ರೀಜರಿನ ಮುಂದೆ ನಿಂತ ಒಂದು ಕ್ಷಣ ನೆನಪಾಯಿತು.

ತೊಳೆಯುವ ಕೋಣೆಗೆ ಹೋಗಿ ‘ಎಪ್ಪತ್ತಮೂರು ಹೋಯ್ತು ಶರಣಪ್ಪನವ್ರೇ’ ಎಂದೆ.

ಅವರು ಬಾಟಲಿ ತೊಳೆಯುವುದನ್ನು ನಿಲ್ಲಿಸಲಿಲ್ಲ. ‘ಹೋಗ್ಲಿ ಬಿಡ್ರಿ ಮೇಡಂ. ಎಪ್ಪತ್ನಾಕು ಐತಲ್ರಿ’ ಎಂದರು.

ಆಮೇಲೆ ಶ್ರೀಕಂಠಯ್ಯನವರು ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ಡಾಕ್ಟರ್ ಪೂರ್ಣಿಮಾ. ನನಗೆ ಹೆಚ್ಚುಕಡಿಮೆ ಮಗಳ ವಯಸ್ಸಿನವರು. ಬಂದ ವರ್ಷವೇ ಒಂದು ಮೆಷಿನ್ ತರಿಸಿದರು. ನಾನು ಅರ್ಧ ದಿನ ಕೂತು ತುಂಬುತ್ತಿದ್ದ ಪ್ಲೇಟುಗಳನ್ನು ಅದು ನಾನು ಕಾಫಿ ಕುಡಿದು ಬರುವಷ್ಟರಲ್ಲಿ ತುಂಬುತ್ತಿತ್ತು. ನನಗೆ ಅದರ ಮೇಲೆ ಹೊಟ್ಟೆಕಿಚ್ಚು. ಎರಡು ತಿಂಗಳು ಅದರ ಹತ್ತಿರವೇ ಹೋಗಲಿಲ್ಲ. ಪೂರ್ಣಿಮಾ ಒಂದು ದಿನ ನನ್ನ ಬಲಗೈ ಹಿಡಿದು ಹೆಬ್ಬೆರಳಿನ ಬುಡ ಒತ್ತಿದರು. ನಾನು ‘ಅಮ್ಮಾ’ ಎಂದೆ. ಪಿಪೆಟ್ ಒತ್ತಿ ಒತ್ತಿ ಅಲ್ಲಿ ನೋವು ಮನೆ ಮಾಡಿತ್ತು. ‘ಈ ಕೈಗೆ ಸ್ವಲ್ಪ ರಜಾ ಕೊಡಿ ಮೇಡಂ. ಕಣ್ಣಿಗೆ ಕೆಲಸ ಕೊಡಿ’ ಎಂದರು. ಅವರೇ ಪಕ್ಕದಲ್ಲಿ ನಿಂತು ಮೆಷಿನ್ ಕಲಿಸಿದರು. ಹೆಬ್ಬೆರಳು ವಾಸಿಯಾಯಿತು. ಹಳೆಯ ವಿಧಾನವೇ ಚೆನ್ನಾಗಿತ್ತು ಎಂದು ಕೊರಗುವ ನನ್ನ ವಯಸ್ಸಿನವರಿಗೆ ಹೇಳಬೇಕು ಅನ್ನಿಸುತ್ತದೆ, ಹಾಗೇನೂ ಇಲ್ಲ ಕಣ್ರ‍ೀ.

ಆದರೆ ಕಣ್ಣಿನ ಕೆಲಸ ಸಿಕ್ಕಿದ್ದು ಒಳ್ಳೆಯದಾಯಿತು. ಪ್ಲೇಟಿನ ಬಣ್ಣವನ್ನು ಮೆಷಿನ್ನಿನಲ್ಲಿ ಅಳೆಯುವ ಮೊದಲು ಮೈಕ್ರೋಸ್ಕೋಪಿನಲ್ಲಿ ಇಣುಕುವುದು ನನ್ನ ಹಳೇ ಚಾಳಿ. ಒಂದು ಹದಿನೈದು ದಿನದಿಂದ ಪ್ರತಿ ಪ್ಲೇಟಿನ ಕೊನೆಯ ಸಾಲಿನ ಕೋಶಗಳು ಬಹಳ ಗೆಲುವಾಗಿ ಕಾಣುತ್ತಿದ್ದವು. ಯಾವ ಪುಡಿ ಹಾಕಿದರೂ ಗೆಲುವು. ಕಂಪ್ಯೂಟರಿನ ಗ್ರಾಫ್ ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು.

‘ಮೇಡಂ, ಡೇಟಾ ಸಕ್ಕತ್ತಾಗಿದೆಯಲ್ಲ?’ ಎಂದರು ಪೂರ್ಣಿಮಾ.

‘ಇದೆ. ಆದ್ರೆ ಕಡೇ ಸಾಲಿನವು ಯಾಕೆ ದಿನಾ ಖುಷಿಯಾಗಿರ್ತವೆ?’

ಇಬ್ಬರೂ ಹೋಗಿ ಪ್ಲೇಟು ತುಂಬುವ ಮೆಷಿನ್ ಬಿಚ್ಚಿದೆವು. ಕೊನೆಯ ಸಾಲಿಗೆ ಪುಡಿ ಹಾಕುವ ಎಂಟನೇ ಕೊಳವೆ ಕಟ್ಟಿಕೊಂಡಿತ್ತು. ಆ ಸಾಲಿಗೆ ಪುಡಿ ಬೀಳುತ್ತಲೇ ಇರಲಿಲ್ಲ. ಉಳಿದ ಸಾಲುಗಳಿಗೆ ಹೊಂದದ ಅಂಕಿಯನ್ನು ಕಂಪ್ಯೂಟರು ತಾನೇ ಅಳಿಸಿಹಾಕಿ ಗ್ರಾಫನ್ನು ಚೆಂದ ಮಾಡಿ ತೋರಿಸುತ್ತಿತ್ತು. ಪೂರ್ಣಿಮಾ ಅವರ ಮುಖ ಕೆಂಪಾಯಿತು. ಹದಿನೈದು ದಿನದ ಕೆಲಸವನ್ನು ಮತ್ತೆ ಮಾಡಿಸಿದರು, ನಮ್ಮಿಂದ ಪರೀಕ್ಷೆ ಮಾಡಿಸುತ್ತಿದ್ದ ಹೊರಗಿನ ಕಂಪನಿಗಳಿಗೆ ತಾವೇ ಪತ್ರ ಬರೆದು ತಡವಾಗುತ್ತದೆ ಎಂದರು. ಅಂದಿನಿಂದ ಯಾರಾದರೊಬ್ಬರು ಕಣ್ಣಿನಿಂದ ನೋಡಿ ಸಹಿ ಹಾಕದೆ ಯಾವ ಪ್ಲೇಟೂ ಅಳೆಯುವ ಮೆಷಿನ್ನಿಗೆ ಹೋಗಬಾರದು ಎಂಬ ನಿಯಮ ಬಂತು. ಈಗಲೂ ಇದೆಯಂತೆ.

ನಾನು ನಿವೃತ್ತಳಾಗುವ ಹಿಂದಿನ ತಿಂಗಳು ಕಂಪನಿಯಲ್ಲಿ ಫ್ಯಾಮಿಲಿ ಡೇ ಮಾಡಿದರು. ಕೆಲಸಗಾರರ ಮನೆಯವರೆಲ್ಲ ಬಂದು ಕಟ್ಟಡ ನೋಡಿ ಊಟ ಮಾಡಿ ಹೋಗುವ ಶನಿವಾರ. ಶರಣಪ್ಪನವರ ಜೊತೆ ಮಹಾದೇವಿಯೂ ಬಂದರು. ಇಳಕಲ್ ಸೀರೆ, ದಟ್ಟವಾಗಿ ಮತ್ತೆ ಬೆಳೆದ ಕೂದಲು, ತುರುಬಿಗೆ ಸೇವಂತಿಗೆ. ಐದು ವರ್ಷದ ಮಾತ್ರೆ ಮುಗಿದಿತ್ತು. ಹೋದ ತಪಾಸಣೆಯಲ್ಲಿ ಇನ್ನು ವರ್ಷಕ್ಕೊಂದು ಸಲ ಬಂದರೆ ಸಾಕು ಎಂದಿದ್ದರಂತೆ. ಊಟ ಮುಗಿದ ಮೇಲೆ ನೇರ ನನ್ನ ಹತ್ತಿರ ಬಂದರು.

‘ಮೇಡಂ, ನನಗ ಬಂದಿತ್ತಲ್ಲ, ಅದು ನಿಮ್ಮಲ್ಲೇ ಐತಂತಲ್ರಿ. ನನಗ ತೋರಸ್ರಿ.’

ಬೇಡ ಅನ್ನಬೇಕು ಅನ್ನಿಸಿತು. ಕಷ್ಟಪಟ್ಟು ಮರೆತದ್ದನ್ನು ಯಾಕೆ ಕೆದಕುವುದು? ಅವರು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಪೂರ್ಣಿಮಾ ಅವರ ಒಪ್ಪಿಗೆ ಕೇಳಿ, ಬಿಗಿಯಾಗಿ ಮುಚ್ಚಿದ ಒಂದು ಫ್ಲಾಸ್ಕನ್ನು ಹೊರಕೋಣೆಯ ಮೈಕ್ರೋಸ್ಕೋಪಿನ ಕೆಳಗೆ ತಂದಿಟ್ಟೆ. ಮಹಾದೇವಿ ಬಗ್ಗಿ ಕಣ್ಣಿಟ್ಟರು.

‘ಏನೂ ಕಾಣವಲ್ದ್ರಿ.’

ನಾನು ತಿರುಪು ಸ್ವಲ್ಪ ತಿರುಗಿಸಿದೆ. ಅವರು ಮತ್ತೆ ಕಣ್ಣಿಟ್ಟರು. ಬಹಳ ಹೊತ್ತು ನೋಡಿದರು.

‘ಕೌದಿ ಹೊಲದಂಗ ಅದಾವಲ್ರಿ’ ಎಂದರು ಕೊನೆಗೆ. ‘ತುಂಡಿಗೆ ತುಂಡು ಜೋಡಿಸಿ. ಇಷ್ಟ ಸಣ್ಣದಕ್ಕ ನಾ ಅಷ್ಟ ಅಂಜಿದ್ನೇನ್ರಿ?’ ಕಣ್ಣು ತೆಗೆಯದೆ ಕೇಳಿದರು. ‘ಇವು ಯಾರವ್ರಿ?’

‘ಅಂದ್ರೆ?’

‘ಯಾರದರ ಮೈಯಾಗಿಂದ ತಗದಿರಬೇಕಲ್ರಿ.’

‘ಹೌದು. ಬೇರೆ ದೇಶದ ಒಬ್ಬ ಹೆಣ್ಣುಮಗಳದ್ದು. ಬಹಳ ವರ್ಷದ ಹಿಂದೆ ತೆಗೆದದ್ದು. ಅವು ಬೆಳೀತಾ ಬೆಳೀತಾ ಪ್ರಪಂಚದ ಲ್ಯಾಬುಗಳಿಗೆಲ್ಲ ಹೋದವು, ನಮಗೂ ಬಂದವು. ನೀವು ಐದು ವರ್ಷ ನುಂಗಿದ್ರಲ್ಲ ಮಾತ್ರೆ, ಅದು ಹೇಗೆ ಕೆಲಸ ಮಾಡತ್ತೆ ಅಂತ ಜನ ತಿಳ್ಕೊಂಡಿದ್ದೂ ಇವುಗಳಿಂದಲೇ.’

‘ಆಕಿ ಉಳಿದ್ಲೇನ್ರಿ?’

‘ಇಲ್ಲ.’

‘ಹೆಸರೇನ್ರಿ ಆಕಿದು?’

ನನಗೆ ಗೊತ್ತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಆ ಕೋಶಗಳಿಗೆ ಊಟ ಹಾಕಿದ್ದೆ, ಕೊಂದಿದ್ದೆ, ಎಣಿಸಿದ್ದೆ. ಅವು ಒಬ್ಬರ ಮೈಯಿಂದ ಬಂದವು, ಆ ಒಬ್ಬರಿಗೆ ಒಂದು ಹೆಸರಿತ್ತು ಅನ್ನುವುದನ್ನು ಒಂದು ದಿನವೂ ಯಾರನ್ನೂ ಕೇಳಿರಲಿಲ್ಲ. ‘ಗೊತ್ತಿಲ್ಲ ಮಹಾದೇವಿಯವ್ರೇ’ ಎಂದೆ. ಹಾಗೆ ಹೇಳಲು ನಾಚಿಕೆಯಾಯಿತು.

ಮಹಾದೇವಿ ನೆಟ್ಟಗೆ ನಿಂತರು. ಸೆರಗಿನಿಂದ ಕಣ್ಣೊರೆಸಿಕೊಂಡು, ಆ ಪ್ಲಾಸ್ಟಿಕ್ ಫ್ಲಾಸ್ಕಿಗೆ ಎರಡು ಬೆರಳು ತಾಗಿಸಿ ಕಣ್ಣಿಗೊತ್ತಿಕೊಂಡರು. ‘ನಿನ್ನಿಂದ ನಾ ಉಳಿದೆ, ಯವ್ವಾ’ ಎಂದರು. ಬಾಗಿಲ ಬಳಿ ನಿಂತಿದ್ದ ಪೂರ್ಣಿಮಾ ಆ ಕಡೆ ತಿರುಗಿಕೊಂಡರು.

ನಾನು ಫ್ಲಾಸ್ಕನ್ನು ಒಳಗಿಡಲು ಎತ್ತಿಕೊಂಡೆ, ದಿನಾ ಎತ್ತುವ ಹಾಗೆ, ಒಂದೇ ಕೈಯಲ್ಲಿ.

‘ಸಾವಕಾಶ ಹಿಡೀರಿ ಮೇಡಂ’ ಎಂದರು ಮಹಾದೇವಿ.

ಎರಡೂ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದೆ.